ನಿಜವಾದ ಕೆಲಸಕ್ಕೆ ಓದು-ಬರಹ: ನೀವು ಏನೇನು ಮಾಡಿದ್ದೀರಿ?

ಎರಡನೇ ತರಗತಿ ನನ್ನದು. ಮಕ್ಕಳು ಬೋರ್ಡ್ ನೋಡಿ ಚೆನ್ನಾಗಿ ಬರೆಯುತ್ತಾರೆ. ನೀವೇ ಬರೆಯಿರಿ ಅಂದರೆ ಮಾತ್ರ "ಏನ್ ಬರೀಲಿ ಟೀಚರ್?" ಅಂತ ಕೂತುಬಿಡುತ್ತಾರೆ. ನಿಜವಾದ ಉದ್ದೇಶ ಇಟ್ಟುಕೊಂಡು ಓದಿಸಿ ಬರೆಸಿದವರು ದಯವಿಟ್ಟು ಹೇಳಿ. ಕೈಕೊಟ್ಟಿದ್ದನ್ನೂ ಹೇಳಿ.

ಉತ್ತರ 1
ಮೇಡಂ, ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಒಮ್ಮೆ ಗೆಳೆಯರಿಗೆ ಪತ್ರ ಬರೆಸಿದೆ. ತಿದ್ದಿ, ಅಂಕ ಹಾಕಿ ಬೀರುವಿನಲ್ಲಿಟ್ಟೆ. ವಾರ ಕಳೆದ ಮೇಲೆ ಒಬ್ಬಳು ಬಂದು "ಉತ್ತರ ಬಂತಾ?" ಅಂದಳು. ಅವಳ ಮುಖ ಇನ್ನೂ ಮರೆತಿಲ್ಲ. ಅವತ್ತಿನಿಂದ, ಓದುವವರು ಯಾರೂ ಇಲ್ಲದ ಪತ್ರ ಬರೆಸುವುದನ್ನೇ ಬಿಟ್ಟೆ.

ಆಮೇಲೆ ಶಾಲೆಯ ಒಂದು ನಲ್ಲಿ ಸೋರುತ್ತಿತ್ತು. ರಿಪೇರಿಯವರಿಗೆ ನೀವೇ ಚೀಟಿ ಬರೆಯಿರಿ ಅಂದೆ. "ನಲ್ಲಿ ಸರಿ ಮಾಡಿ" ಅಂತಷ್ಟೇ ಬರೆದರು. ಅವರು ಬಂದು, ಇರುವ ನಾಲ್ಕು ನಲ್ಲಿಯಲ್ಲಿ ಯಾವುದು, ಪೂರ್ತಿ ಮುಚ್ಚಿದರೂ ಸೋರುತ್ತಾ ಅಂತ ಕೇಳಿದಾಗ ಮಕ್ಕಳೇ ಓಡಿಹೋಗಿ ನೋಡಿಕೊಂಡು ಬಂದು, ಎರಡನೇ ಸಲ ಐದು ಸಾಲು ಬರೆದರು. ನನ್ನ ಕೆಂಪು ಪೆನ್ನು ಇಷ್ಟು ವರ್ಷ ಮಾಡದ ಕೆಲಸ ಅದು. ನಲ್ಲಿ ಸರಿಯಾಯಿತು. ಈಗ ಏನೇ ಮುರಿದರೂ ಚೀಟಿ ಹಿಡಿದು ಬರುತ್ತಾರೆ.

ಒತ್ತಕ್ಷರ ತಪ್ಪುತ್ತಾರೆ, ನಿಜ. ಮೊದಲ ಸಲ ಬರೆಯುವಾಗ ನಾನು ಮುಟ್ಟುವುದಿಲ್ಲ. ಹೊರಗೆ ಕಳಿಸುವ ಮುಂಚೆ ಕೂತು ತಿದ್ದುತ್ತೇವೆ. ಬೇರೆಯವರು ಓದುತ್ತಾರಲ್ಲ, ಅದಕ್ಕೆ ಅವರಿಗೂ ತಿದ್ದಬೇಕು ಅನಿಸುತ್ತದೆ. ಕಾಗುಣಿತದ ಅಭ್ಯಾಸವನ್ನು ಮಾತ್ರ ನಿಲ್ಲಿಸಬೇಡಿ. ಅಕ್ಷರ ಬಾರದ ಮಗುವಿಗೆ ಉದ್ದೇಶ ಒಂದನ್ನೇ ಕೊಟ್ಟರೆ ಸಾಲದು.

ಉತ್ತರ 2
ನಾವು ಆಟದ ನಿಯಮ ಬರೆಸಿ ಪಕ್ಕದ ತರಗತಿಗೆ ಕೊಟ್ಟೆವು. ಬಾಯಲ್ಲಿ ಏನೂ ಹೇಳುವ ಹಾಗಿಲ್ಲ. ಅವರು ಓದಿಕೊಂಡು ತಪ್ಪಾಗಿ ಆಡಿದರು. ಔಟಾದವರು ಏನು ಮಾಡಬೇಕು ಅನ್ನುವುದೇ ಬಿಟ್ಟುಹೋಗಿತ್ತು! ಓದೋದು, ಬರೆಯೋದು ಎರಡೂ ಒಟ್ಟಿಗೇ ಆಯಿತು ಅಲ್ವಾ?

ಉತ್ತರ 3
ಇದು ಹೊಸದೇನಲ್ಲ. 1920ರ ದಶಕದಲ್ಲಿ ಫ್ರಾನ್ಸ್‌ನ ಹಳ್ಳಿ ಶಾಲೆಯ ಮೇಷ್ಟ್ರು ಸೆಲೆಸ್ತಿನ್ ಫ್ರೆನೆ ತರಗತಿಗೆ ಪುಟ್ಟ ಅಚ್ಚಿನ ಯಂತ್ರ ತಂದಿದ್ದರು. ಮಕ್ಕಳು ತಮ್ಮದೇ ಬರಹಕ್ಕೆ ಒಂದೊಂದೇ ಅಚ್ಚಿನ ಅಕ್ಷರ ಜೋಡಿಸಿ, ಅಚ್ಚು ಹಾಕಿ ದೂರದ ಶಾಲೆಗೆ ಕಳಿಸುತ್ತಿದ್ದರು. ಅಲ್ಲಿಂದಲೂ ಬರಹ ಬರುತ್ತಿತ್ತು. ನಾನು ಯಂತ್ರ ಇಲ್ಲದೆ ಬರೀ ಪತ್ರದಲ್ಲೇ ಮಾಡಿದೆ. ಒಂದು ಮಾತು: ಆ ಕಡೆಯ ಟೀಚರ್ ಜೊತೆ ಮೊದಲೇ ಮಾತಾಡಿ, ಉತ್ತರ ಯಾವಾಗ ಅಂತ ದಿನ ಗೊತ್ತುಮಾಡಿಕೊಳ್ಳಿ. ಒಬ್ಬ ಮಗುವಿಗೆ ಪತ್ರ ಬಾರದೆ ಹೋದರೂ ಅದು ತುಂಬಾ ನೊಂದುಕೊಳ್ಳುತ್ತದೆ. ಅದಕ್ಕೇ ಮೊದಲ ಪತ್ರ ಇಡೀ ತರಗತಿ ಸೇರಿ ಒಂದೇ ಬರೆಯಲಿ.

ಕೇಳಿದವರು
ನಮ್ಮ ತರಗತಿಯ ಕಿಟಕಿಯ ಚಿಲಕ ಹೋಗಿ ತಿಂಗಳಾಯಿತು. ನಾಳೆ ಅದರಿಂದಲೇ ಶುರು ಮಾಡುತ್ತೇನೆ.