ನಮ್ಮ ವೈಫೈಗೆ ಯಾರೋ ಸೇರ್ಕೊಂಡಿದ್ದಾರೆ, ಏನ್ ಮಾಡೋದು?

ಹನುಮಂತನಗರದಲ್ಲಿ 30×40 ಸೈಟಿನ ಮನೆ, ಮೊದಲನೇ ಮಹಡಿ, ಎದುರಿಗೇ ಪಿಜಿ. 100 ಎಂಬಿಪಿಎಸ್ ಫೈಬರ್ ಇದ್ರೂ ರಾತ್ರಿ ಒಂಬತ್ತಾದ್ಮೇಲೆ ವಿಡಿಯೊ ಸುತ್ತುತ್ತಾ ಕೂರುತ್ತೆ. ರೌಟರ್ ಒಳಗೆ ನೋಡಿದ್ರೆ 14 ಡಿವೈಸ್, ನಮ್ಮವು 8. ಪಾಸ್‌ವರ್ಡ್ ನಮ್ಮೆಜಮಾನ್ರ ಮೊಬೈಲ್ ನಂಬರ್, ಕನೆಕ್ಷನ್ ಕೊಟ್ಟ ಹುಡುಗ ಇಟ್ಟಿದ್ದು. ಗೊತ್ತಿರೋರು ಹೇಳಿ.

ಜಯನಗರ: ಮೇಡಂ, ಆ 14ರಲ್ಲಿ ನಿಮ್ಮವೇ ಎರಡೆರಡು ಸಲ ಇರಬಹುದು. ಆಂಡ್ರಾಯ್ಡ್ 10, ಐಓಎಸ್ 14ರಿಂದೀಚೆಗೆ ಫೋನುಗಳು ತಮ್ಮ ಅಸಲಿ ಮ್ಯಾಕ್ ಅಡ್ರೆಸ್ (ಡಿವೈಸಿನ ಗುರುತಿನ ನಂಬರ್) ಕೊಡಲ್ಲ, ಒಂದೊಂದು ವೈಫೈ ಹೆಸರಿಗೆ ಒಂದೊಂದು ನಕಲಿ ಕೊಡ್ತವೆ. ರೌಟರಿನ ಎರಡು ಬ್ಯಾಂಡ್, 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರಿಟ್ಟಿದ್ರೆ ಒಂದೇ ಫೋನು ಎರಡು ಅಡ್ರೆಸ್ಸಲ್ಲಿ ಕಾಣುತ್ತೆ. ಅಡ್ರೆಸ್ಸಿನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ರೆ ಅದು ಅಂಥ ವೇಷದ್ದು. ಡಿಎಚ್‌ಸಿಪಿ ಲಿಸ್ಟ್ (ರೌಟರ್ ಯಾರ್ಯಾರಿಗೆ ಐಪಿ ಅಡ್ರೆಸ್ ಹಂಚಿದೆ ಅನ್ನೋ ಪಟ್ಟಿ) ನಂಬಬೇಡಿ, ಎದ್ದು ಹೋದವರ ಹೆಸರೂ ಲೀಸ್, ಅಂದ್ರೆ ಆ ಅಡ್ರೆಸ್ಸಿನ ಅವಧಿ, ಮುಗಿಯೋವರೆಗೆ ಅಲ್ಲೇ ಇರುತ್ತೆ. ವೈರ್‌ಲೆಸ್ ಪುಟದಲ್ಲಿ ಈಗ ಸೇರಿರೋರನ್ನ ಮಾತ್ರ ನೋಡಿ. ಮನೆಯ ಒಂದೊಂದೇ ಡಿವೈಸ್ ಆಫ್ ಮಾಡ್ತಾ ಹೋಗಿ, ಕೊನೆಗೆ ಉಳಿದದ್ದು ಪರರದ್ದು.

ವಿಜಯನಗರ: ಮೊಬೈಲ್ ನಂಬರ್ ಇವತ್ತೇ ತೆಗೀರಿ. ಫೋನು ರೌಟರಿಗೆ ಸೇರುವಾಗಿನ ಹ್ಯಾಂಡ್‌ಶೇಕ್ (ಪಾಸ್‌ವರ್ಡ್ ಸರಿಯಿದೆಯಾ ಅಂತ ಪರೀಕ್ಷಿಸೋ ಮಾತುಕತೆ) ಒಂದನ್ನ ಕಳ್ಳರು ಹಿಡಿದಿಟ್ಕೊಂಡ್ರೆ ಮಿಕ್ಕ ಊಹೆಯೆಲ್ಲ ಅವರ ಕಂಪ್ಯೂಟರಲ್ಲೇ ನಡೆಯುತ್ತೆ, ರೌಟರಿಗೆ ಸುಳಿವೂ ಸಿಗಲ್ಲ. ನಮ್ಮ ಮೊಬೈಲ್ ನಂಬರುಗಳು 6, 7, 8, 9ರಿಂದ ಶುರು, ಅಂದ್ರೆ ಹೆಚ್ಚಂದ್ರೆ 400 ಕೋಟಿ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷ ನೋಡುತ್ತೆ. 4000 ಸೆಕೆಂಡು, ಒಂದು ಗಂಟೆ ಚಿಲ್ಲರೆ. ನಂಬರ್ ಗೊತ್ತಿರೋ ಪಕ್ಕದ ಮನೆಯವರಿಗೆ ಅಷ್ಟೂ ಬೇಡ.

ಹೊಸ ಪಾಸ್‌ವರ್ಡಿಗೆ 63 ಅಕ್ಷರದವರೆಗೆ ಜಾಗ ಇದೆ. ಹುರುಳಿ, ಏಣಿ, ಸಂಕ್ರಾಂತಿ, ತಗಡು ಥರ ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ (ಇವನ್ನೇ ಹಾಕ್ಬೇಡಿ ಮತ್ತೆ). ಸೆಕ್ಯುರಿಟಿ ಬಗೆಯನ್ನ ಹೊಸ ಡಬ್ಲ್ಯೂಪಿಎ3 ಮಾತ್ರ ಅಂತಿಟ್ರೆ ಹಳೇ ಟಿವಿ, ಕ್ಯಾಮೆರಾ ಮುನಿಸ್ಕೊಳ್ತವೆ, ಅದಕ್ಕಿಂತ ಹಳೇ ಡಬ್ಲ್ಯೂಪಿಎ2 ಜೊತೆಗೆ ಮಿಕ್ಸೆಡ್ ಇಡಿ. ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಹಾಕದೆ ಬಟನ್ ಅಥವಾ ಪಿನ್‌ನಿಂದ ಸೇರೋ ಸೌಲಭ್ಯ) ಆಫ್ ಮಾಡಿ. ಅದರ 8 ಅಂಕಿಯ ಪಿನ್ ಎರಡು ತುಂಡಾಗಿ ಪರೀಕ್ಷೆಯಾಗೋದ್ರಿಂದ 11,000 ಪ್ರಯತ್ನದೊಳಗೆ ಸಿಗುತ್ತೆ. 2011ರಲ್ಲೇ ಬಯಲಾದ ಹುಳುಕು ಇದು.

ರಾಜಾಜಿನಗರ: ದಯವಿಟ್ಟು ಪಿನ್ ಚುಚ್ಚಿ ರೀಸೆಟ್ ಮಾಡ್ಬೇಡಿ! ನೆಟ್ ಕಂಪನಿಗೆ ಲಾಗಿನ್ ಆಗೋ ಪಿಪಿಪಿಒಇ ಯೂಸರ್‌ನೇಮ್, ಅವರ ಲೈನಿನ ವಿಲ್ಯಾನ್ ನಂಬರ್ ಎಲ್ಲಾ ಅಳಿಸಿ ಹೋಗುತ್ತೆ, ಆಮೇಲೆ ಕೇಬಲ್‌ನವರು ಬರೋವರೆಗೂ ಕಾಯ್ಬೇಕು. ಲ್ಯಾಪ್‌ಟಾಪಿಗೆ ಲ್ಯಾನ್ ವೈರ್ ಹಾಕಿ ರೌಟರ್ ತಳದ ಸ್ಟಿಕ್ಕರಲ್ಲಿರೋ ಅಡ್ರೆಸ್ ತೆರೀರಿ, ಸಾಮಾನ್ಯವಾಗಿ 192.168.1.1. ವೈಫೈಯಿಂದಲೇ ಮಾಡಿದ್ರೆ ಸೇವ್ ಒತ್ತಿದ ಕೂಡಲೇ ನೀವೇ ಹೊರಗೆ. ಮೊದಲು ರೌಟರ್ ಸೆಟ್ಟಿಂಗ್ ತೆರೆಯೋ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ವೈಫೈದು. ಉಲ್ಟಾ ಮಾಡಿದ್ರೆ ಒಳಗಿರೋರು ಹೊಸದನ್ನೂ ಅಲ್ಲೇ ಓದ್ಕೊಳ್ಳಬಹುದು. 2.4ರದ್ದು ಬದಲಿಸಿ 5ರದ್ದು ಮರೆಯೋರೇ ಜಾಸ್ತಿ.

ಬಸವನಗುಡಿ: ಹ್ಯಾಂಡ್‌ಶೇಕು ಗೀಂಡ್‌ಶೇಕು ಇರ್ಲಿ, ಪಾಸ್‌ವರ್ಡ್ ಸೋರೋದು ಬಾಯಿಂದ. ಆಂಡ್ರಾಯ್ಡಲ್ಲಿ ಶೇರ್ ಒತ್ತಿದ್ರೆ ಬರೋ ಕ್ಯೂಆರ್ ಕೋಡೊಳಗೆ ಅದು ಮುಚ್ಚುಮರೆ ಇಲ್ಲದೆ ಇರುತ್ತೆ. ಟ್ಯೂಷನ್ನಿಗೆ ಬಂದ ಹುಡುಗ ತೋರಿಸಿದ್ರೆ ಮುಗೀತು, ಪಿಜಿಗೆಲ್ಲ ಹಬ್ಬ. ಬಂದೋರಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ಗೆಸ್ಟ್ ನೆಟ್‌ವರ್ಕ್ ಕೊಡಿ, ಬೇಡವಾದಾಗ ಆಫ್ ಮಾಡಿ. ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರೋ ಮ್ಯಾಕ್ ಅಡ್ರೆಸ್ಸಿಗೆ ಮಾತ್ರ ಪ್ರವೇಶ), ವೈಫೈ ಹೆಸರು ಮುಚ್ಚಿಡೋದು ಎರಡೂ ದಂಡ, ಗಾಳಿಯಲ್ಲಿ ಹೋಗೋದನ್ನ ಕೇಳಿಸ್ಕೊಂಡು ನಕಲು ಮಾಡಬಹುದು. ಆದ್ರೆ ಉದಾಸೀನ ಬೇಡ: 2008ರ ಅಹಮದಾಬಾದ್ ಸ್ಫೋಟದ ಇ-ಮೇಲ್ ನವಿ ಮುಂಬೈನ ಒಬ್ಬರ ವೈಫೈಯಿಂದ ಹೋಗಿತ್ತು, ಪೊಲೀಸರು ಮೊದಲು ಹೋಗಿದ್ದು ಅವರ ಮನೆಗೇ.

ಜಯನಗರ: ಇನ್ನೊಂದು ಮಾತು. ಇಷ್ಟೆಲ್ಲ ಮಾಡಿದ್ಮೇಲೂ ರಾತ್ರಿ ನಿಧಾನ ಇದ್ರೆ ಕಳ್ಳರನ್ನ ಹುಡುಕ್ಬೇಡಿ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ, 1, 6, 11. ಪಿಜಿಯ ರೌಟರುಗಳೂ ಅವುಗಳಲ್ಲೇ ನುಗ್ಗಾಡ್ತಿರ್ತವೆ. ಟಿವಿಯನ್ನ 5 ಗಿಗಾಹರ್ಟ್ಸ್‌ಗೆ ಹಾಕಿ. ಒಂಬತ್ತು ಗಂಟೆಗೆ ಲ್ಯಾನ್ ವೈರಲ್ಲಿ ಸ್ಪೀಡ್ ನೋಡಿ. ಅಲ್ಲಿ 90ರ ಮೇಲೆ ಬಂದ್ರೆ ತೊಂದರೆ ವೈಫೈದು, ಅಲ್ಲೂ 15-20 ಬಂದ್ರೆ ಲೈನ್‌ನವರನ್ನೇ ಕೇಳಿ.