ಬಾಬ್‌ಕ್ಯಾಟ್ ಶಿಕಾರಿ: ಚರ್ಮ ಹಾಳಾಗದ ಹಾಗೆ ಯಾವ ತೋಟಾ?

ಪ್ರಶ್ನೆ: ಸರ್, ನಾನು ಟೆಕ್ಸಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಗೆಳೆಯರೊಬ್ಬರು ತಮ್ಮ ರ‍್ಯಾಂಚ್‌ಗೆ ಬಾಬ್‌ಕ್ಯಾಟ್ (ಮೋಟು ಬಾಲದ ಕಾಡುಬೆಕ್ಕು) ಶಿಕಾರಿಗೆ ಕರೆದಿದ್ದಾರೆ. ಸಿಕ್ಕರೆ ಚರ್ಮ ಹದ ಮಾಡಿಸಿ ಇಟ್ಟುಕೊಳ್ಳುವ ಆಸೆ. ನನ್ನ ಹತ್ತಿರ .223 ಕೋವಿ ಇದೆ, ಅವರ ಹತ್ತಿರ ಅದಕ್ಕಿಂತ ಕಡಿಮೆ ಜೋರಿನ .22 ಮ್ಯಾಗ್ನಮ್. ಚರ್ಮ ಹದ ಮಾಡುವುದೇ ನಿಮ್ಮ ಕಸುಬು, ಯಾವುದು ವಾಸಿ ಹೇಳಿ.

ಉತ್ತರ: .22 ಮ್ಯಾಗ್ನಮ್ ತಗೊಳ್ಳಿ. ಬಾಬ್‌ಕ್ಯಾಟ್ ದೊಡ್ಡ ಪ್ರಾಣಿಯಲ್ಲ, ಸಾಮಾನ್ಯವಾಗಿ 7ರಿಂದ 14 ಕೆಜಿ, ಚರ್ಮವೂ ತೆಳು. 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡು ಸೆಕೆಂಡಿಗೆ ಸುಮಾರು 1,900 ಅಡಿ ವೇಗದಲ್ಲಿ ಹೊರಡುತ್ತದೆ. 100 ಗಜದೊಳಗೆ ಅಷ್ಟು ಸಾಕು. ಕುರುಚಲು ಕಾಡಿನಲ್ಲಿ ಮೊಲದ ಚೀರಾಟದ ಸದ್ದು ಮಾಡಿ ಕರೆದರೆ ಅದಕ್ಕಿಂತ ಹತ್ತಿರವೇ ಬರುತ್ತದೆ.

.223 ಕೆಟ್ಟದ್ದು ಅಂತಲ್ಲ. 55 ಗ್ರೇನ್ ಗುಂಡು 3,200 ಅಡಿ ವೇಗದಲ್ಲಿ ಹೋಗುತ್ತದೆ, ಎಲ್ಲಿ ತಾಗಿತು ಅನ್ನುವುದೇ ಮುಖ್ಯ. ಪ್ಲಾಸ್ಟಿಕ್ ಮೂತಿಯ ತೆಳು ಹೊದಿಕೆಯ ಗುಂಡು ಪಕ್ಕೆಲುಬುಗಳ ನಡುವೆ ಹೊಕ್ಕರೆ ಹೆಚ್ಚಾಗಿ ಒಳಗೇ ಪುಡಿಯಾಗುತ್ತದೆ. ಹೊರಗೆ ಪೆನ್ಸಿಲ್ ಮೊನೆಯಷ್ಟು ತೂತು. ಅದೇ ಗುಂಡು ಭುಜದ ಮೂಳೆಗೆ ಬಿದ್ದರೆ ಮೇಲೇ ಸಿಡಿದು ಅಂಗೈಯಗಲ ಹರಿದುಹೋಗುತ್ತದೆ. ಅಂಥವು ನನ್ನ ಮೇಜಿಗೆ ಆಗಾಗ ಬರುತ್ತವೆ.

ಬೆನ್ನಿನ ಮೇಲಿನ ತೂತಿಗೆ ಹೆದರಬೇಡಿ. ಒಳಗಿನಿಂದ ಹೊಲಿದರೆ ಉದ್ದ ಕೂದಲು ಮುಚ್ಚಿಬಿಡುತ್ತದೆ. ಹೊಟ್ಟೆ ಹಾಗಲ್ಲ. ಬಿಳಿಯ ಮೇಲೆ ಕಪ್ಪು ಚುಕ್ಕೆ, ಬೆಲೆ ಇರುವುದೇ ಅಲ್ಲಿ. ಹೊಲಿಗೆ ಹಾಕಿದರೆ ಚುಕ್ಕೆಗಳ ಸಾಲು ತಪ್ಪಿ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಅದು ಅಡ್ಡ ತಿರುಗುವವರೆಗೆ ಕಾದು, ಮುಂಗಾಲಿನ ಹಿಂದೆ ಈಡು ಹೊಡೆಯಿರಿ. ಕೊಯೋಟಿಯ (ತೋಳದ ಜಾತಿಯ ಪ್ರಾಣಿ) ಹಾಗೆ ಇದು ಓಡಿಬರುವುದಿಲ್ಲ. ಪೊದೆಯಡಿ ಕೂತು ನೋಡುತ್ತಿರುತ್ತದೆ, ಮೋಟು ಬಾಲ ಮಾತ್ರ ಆಡುತ್ತಿರುತ್ತದೆ. ಸಮಯ ಸಿಗುತ್ತದೆ.

ಇನ್ನೊಬ್ಬರು: ಫುಲ್ ಮೆಟಲ್ ಜಾಕೆಟ್ (ಸೀಸದ ಮೇಲೆ ಮೂತಿಯವರೆಗೂ ಗಟ್ಟಿ ಲೋಹ ಹೊದಿಸಿದ ಗುಂಡು) ಹಾಕಿದರೆ ಎರಡೂ ಕಡೆ ಸಣ್ಣ ತೂತಷ್ಟೇ ಅಲ್ವಾ ಸರ್?

ಉತ್ತರ: ಯಾವಾಗಲೂ ಅಲ್ಲ. .223ರಲ್ಲಿ ಅದು ಒಳಗೆ ಪಲ್ಟಿ ಹೊಡೆದು ಅಡ್ಡಡ್ಡ ಹೊರಬರುವುದುಂಟು. .22 ಮ್ಯಾಗ್ನಮ್‌ನಲ್ಲಿ ಸುಮ್ನೆ ತೂರಿಹೋಗಿ, ಪ್ರಾಣಿ ಗಾಯದಲ್ಲೇ ಓಡಿ ಎಲ್ಲೋ ನರಳಿ ಸಾಯುವುದುಂಟು. ಚರ್ಮ ಉಳಿಸುವ ನೆಪದಲ್ಲಿ ಅದು ಬೇಡ. ಕೆಲವು ರಾಜ್ಯಗಳಲ್ಲಿ ಶಿಕಾರಿಗೆ ಆ ಗುಂಡಿಗೆ ಅನುಮತಿಯೂ ಇಲ್ಲ.

ಪ್ರಶ್ನೆ: ಹೊಡೆದ ಮೇಲೆ ಏನು ಮಾಡಬೇಕು ಸರ್?

ಉತ್ತರ: ರಕ್ತವನ್ನು ಕೂಡಲೇ ತಣ್ಣೀರಲ್ಲಿ ಒರೆಸಿ. ಬೇಗ ತಂಪು ಮಾಡಿ. ಬಿಸಿಲಲ್ಲಿ ಟ್ರಕ್ ಹಿಂದೆ ಹಾಕಿಟ್ಟರೆ ಹೊಟ್ಟೆಯ ಕೂದಲು ಮೊದಲು ಉದುರುತ್ತದೆ, ಆಮೇಲೆ ನಾನೂ ಏನೂ ಮಾಡಲಾರೆ. ಸುಲಿಯುವ ಮೊದಲು ಹದ ಮಾಡುವವರಿಗೆ ಫೋನ್ ಮಾಡಿ. ಬರೀ ಚರ್ಮವಾದರೆ ಹಿಂಗಾಲಿನಿಂದ ಬನಿಯನ್ ಕಳಚಿದ ಹಾಗೆ ತೆಗೆಯುತ್ತೇವೆ. ಬೊಂಬೆ ಮಾಡಿ ನಿಲ್ಲಿಸುವುದಾದರೆ ಕೊಯ್ಯುವ ಜಾಗವೇ ಬೇರೆ. ಟೆಕ್ಸಸ್‌ನಲ್ಲಿ ಚರ್ಮ ಮಾರುವ ಅಥವಾ ರಾಜ್ಯದಾಚೆ ಒಯ್ಯುವ ಮೊದಲು ಟ್ಯಾಗ್ ಹಾಕಿಸಬೇಕು, ಬಾಬ್‌ಕ್ಯಾಟ್ ಸೈಟಿಸ್ (ಕಾಡುಪ್ರಾಣಿ-ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ.

ಮತ್ತೊಬ್ಬರು: ನಾನು ಎಚ್1ಬಿ. ಅವರ ಜೊತೆ ಹೋಗಿ ಕೋವಿ ಹಿಡಿಯಬಹುದಾ?

ಉತ್ತರ: ಸುಮ್ನೆ ಹಿಡಿಯುವ ಹಾಗಿಲ್ಲ. ನಿಮ್ಮಂಥ ವೀಸಾದವರು ಬಂದೂಕು, ತೋಟಾ ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಫೆಡರಲ್ ಕಾನೂನಿನಲ್ಲಿ ತಡೆ ಇದೆ. ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಮೊದಲು ಲೈಸೆನ್ಸ್, ಆಮೇಲೆ ಕೋವಿ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದಲೇ ಬಾಬ್‌ಕ್ಯಾಟ್ ಶಿಕಾರಿಗೆ ತಡೆ ಬಿದ್ದಿತ್ತು, ರಾಜ್ಯ ದಾಟಿದರೆ ನಿಯಮವೂ ಬದಲು. ಹೋಗುವ ರಾಜ್ಯದ ಈ ವರ್ಷದ ಶಿಕಾರಿ ನಿಯಮಗಳ ಪುಸ್ತಕ ನೋಡಿಕೊಂಡೇ ಹೊರಡಿ.