ಸ್ಪ್ರೆಡ್‌ಶೀಟ್‌ಗೆ ಏನನ್ನೋಣ? ‘ಸೆಲ್’ಗೆ ‘ಮನೆ’ ಆದೀತಾ?

ಎಲ್ಲರಿಗೂ ನಮಸ್ಕಾರ.

ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಸ್ಪ್ರೆಡ್‌ಶೀಟ್ ತಂತ್ರಾಂಶ ಎಕ್ಸೆಲ್ ಜೀನ್‌ಗಳ (ವಂಶವಾಹಿಗಳ) ಹೆಸರು ಕೆಡಿಸಿದ ಕತೆ ಕೆಲವರಿಗೆ ಗೊತ್ತಿರಬಹುದು. ಮನುಷ್ಯರ ಒಂದು ಜೀನ್‌ಗೆ ‘ಮಾರ್ಚ್1’ ಅಂತ ಹೆಸರಿತ್ತು, ಇನ್ನೊಂದಕ್ಕೆ ‘ಸೆಪ್ಟ್1’. ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ಎಕ್ಸೆಲ್ ಅದನ್ನು ತಾರೀಖು ಅಂದುಕೊಂಡು ಬದಲಿಸಿಬಿಡುತ್ತಿತ್ತು. 2016ರಲ್ಲಿ ಒಂದು ಅಧ್ಯಯನ ಬಂತು. ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ್ದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಇಂಥ ತಪ್ಪು ಅಂಟಿಕೊಂಡಿತ್ತು. ಕೊನೆಗೆ ಜೀನ್‌ಗಳೇ ಹೆಸರು ಬದಲಿಸಿಕೊಳ್ಳಬೇಕಾಯಿತು. 2020ರಲ್ಲಿ ನಾಮಕರಣ ಸಮಿತಿ ಹೊಸ ನಿಯಮ ಹೊರಡಿಸಿತು. ‘ಮಾರ್ಚ್1’ ಹೋಗಿ ‘ಮಾರ್ಚ್‌ಎಫ್1’ ಆಯಿತು, ‘ಸೆಪ್ಟ್1’ ಹೋಗಿ ‘ಸೆಪ್ಟಿನ್1’ ಆಯಿತು. ಎಕ್ಸೆಲ್ ಹೀಗೆ ತಾನಾಗಿ ತಾರೀಖು ಮಾಡುವುದನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಕೊಟ್ಟಿದ್ದು 2023ರಲ್ಲಿ, ಅಷ್ಟು ಹೊತ್ತಿಗೆ ಮದುವೆ ಮುಗಿದು ಚಪ್ಪರವೂ ಬಿಚ್ಚಿತ್ತು.

ಇದನ್ನು ಬರೆಯುವಾಗ ಎಕ್ಸೆಲ್‌ನ ಸೆಲ್‌ಗೂ, ಅಂದರೆ ಅಂಕಿ ತುಂಬುವ ಚೌಕಕ್ಕೂ, ‘ಕೋಶ’ ಅಂತಲೇ ಹಾಕಿ ನಾನು ಹೀಗೆ ಬರೆದೆ: “ಜೀವಕೋಶದಲ್ಲಿರುವ ಜೀನ್‌ನ ಹೆಸರನ್ನು ಕೋಶದಲ್ಲಿ ತುಂಬಿದರೆ ಕೋಶ ಅದನ್ನು ತಾರೀಖು ಮಾಡುತ್ತದೆ.” ಕರಡು ಓದಿದ ಗೆಳತಿ ಕೇಳಿದ್ದು ಒಂದೇ ಮಾತು: “ಯಾವ ಕೋಶ?”

ಅವಳು ಕೇಳಿದ್ದು ಸರಿ ಅಲ್ವಾ? ಬೊಕ್ಕಸವೂ ಕೋಶ, ನಿಘಂಟೂ ಕೋಶ, ಜೀವದ ಕಣವೂ ಕೋಶ. ಈ ಪದದ ಮೇಲೆ ಈಗಾಗಲೇ ಜಾಸ್ತಿ ಹೊರೆ ಬಿದ್ದಿದೆ. ಅದಕ್ಕೇ ಸೆಲ್‌ಗೆ ‘ಮನೆ’ ಅಂದರೆ ಹೇಗೆ ಅನ್ನಿಸಿತು. ಗೆರೆ ಎಳೆದು ಮಾಡಿದ ಚೌಕಕ್ಕೆ ನಾವು ಮೊದಲಿನಿಂದ ಹೇಳುವುದೇ ಹಾಗೆ. ಚದುರಂಗದ ಹಲಗೆಯಲ್ಲಿರುವುದು ಮನೆ. ಚೌಕಾಬಾರದಲ್ಲಿ ಕಾಯಿ ನಡೆಸುವುದು ಮನೆಯಿಂದ ಮನೆಗೆ. ಜಾತಕದ ಕುಂಡಲಿಯಲ್ಲೂ ಹನ್ನೆರಡು ಮನೆ. ಸ್ಪ್ರೆಡ್‌ಶೀಟ್‌ನಲ್ಲಿ ‘ಬಿ7’ ಅನ್ನುವುದನ್ನು ಸೆಲ್‌ನ ಅಡ್ರೆಸ್ ಅಂತಾರಲ್ಲ, ಅಲ್ಲಿಗೆ ಇನ್ನೂ ಚೆನ್ನಾಯಿತು. ಮನೆ ಇದ್ದ ಮೇಲೆ ವಿಳಾಸ ಇದ್ದೇ ಇರುತ್ತದೆ! ಒಂದೇ ಅಳುಕು. ‘ಈ ಮನೆ ಖಾಲಿ ಇದೆ’ ಅಂತ ಬರೆದರೆ ಬಾಡಿಗೆ ಎಷ್ಟು ಅಂತ ಯಾರಾದರೂ ಕೇಳಿಯಾರು.

ಸಾಲುಗಳ ವಿಷಯದಲ್ಲಿ ನನಗೆ ತಕರಾರಿಲ್ಲ. ಗಣಿತದ ಪಾಠದ ‘ಅಡ್ಡಸಾಲು’, ‘ಕಂಬಸಾಲು’ ಚೆನ್ನಾಗಿವೆ. ಆದರೆ ಪತ್ರಿಕೆಯ ಕಾಲಂಗೆ ನಾವು ‘ಅಂಕಣ’ ಅನ್ನುತ್ತೇವೆ, ಅದನ್ನು ಯಾಕೆ ಬಿಡಬೇಕು? ಅಂಕಣ ಅಂದರೆ ಮೊದಲು ಕಟ್ಟಡದಲ್ಲಿ ಎರಡು ಕಂಬಗಳ ನಡುವಿನ ಜಾಗ. ಕಾಲಂ ಅನ್ನುವುದರ ಮೂಲದಲ್ಲೂ ಕಂಬವೇ ಇದೆ. ಲೆಕ್ಕದ ಹಾಳೆಯಲ್ಲಿ ನಾವು ಅಂಕಿ ತುಂಬುವುದು ಕಂಬದ ಮೇಲಲ್ಲ, ಎರಡು ಗೆರೆಗಳ ನಡುವಿನ ಜಾಗದಲ್ಲಿ. ಹಾಗೆ ನೋಡಿದರೆ ಅಂಕಣವೇ ಹೆಚ್ಚು ಸರಿ. ಅಂಕಣದೊಳಗೆ ಮನೆಗಳು, ಕೇಳೋಕೂ ಹಿತ.

ನನ್ನ ದೊಡ್ಡ ತೊಡಕು ಸ್ಪ್ರೆಡ್‌ಶೀಟ್ ಅನ್ನುವ ಪದವೇ. ಮೊದಲ ಕರಡಿನಲ್ಲಿ ‘ಹರಡುಹಾಳೆ’ ಅಂತ ಹಾಕಿದ್ದೆ. ಅದೇ ಗೆಳತಿ, “ನೆಲಕ್ಕೆ ಹಾಸೋದಾ?” ಅಂದಳು.

ಇಂಗ್ಲಿಷಿನಲ್ಲಿ ಆ ‘ಸ್ಪ್ರೆಡ್’ ಬಂದದ್ದು ಕಾಗದದ ಕಾಲದಲ್ಲಿ. ಲೆಕ್ಕಿಗರು ಅಕ್ಕಪಕ್ಕದ ಎರಡು ಪುಟಗಳಷ್ಟು ಅಗಲದ ದೊಡ್ಡ ಹಾಳೆಯನ್ನು ಬಿಚ್ಚಿ ಹರಡಿಕೊಂಡು ಕೂರುತ್ತಿದ್ದರು. ಖರ್ಚಿನ ಬಾಬುಗಳು ಒಂದು ಕಡೆ, ತಿಂಗಳುಗಳು ಇನ್ನೊಂದು ಕಡೆ. ಕಂಪ್ಯೂಟರಿಗೆ ಬರುವ ಹೊತ್ತಿಗೆ ಹರಡುವುದು ಹೆಸರಿನಲ್ಲಿ ಮಾತ್ರ ಉಳಿದಿತ್ತು. 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್ ತಂತ್ರಾಂಶ ಬಂತು. ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಇಬ್ಬರೂ ಸೇರಿ ಬರೆದದ್ದು. ಅದರಲ್ಲಿ 63 ಅಂಕಣ, 254 ಅಡ್ಡಸಾಲು. ಆದರೆ ಪರದೆಯ ಅಗಲ ಬರೀ 40 ಅಕ್ಷರ! ಒಂದು ಸಲಕ್ಕೆ ನಾಲ್ಕೈದು ಅಂಕಣ ಕಂಡರೆ ಹೆಚ್ಚು. ಹರಡಿದ ಹಾಳೆ ಎಲ್ಲಿ ಬಂತು, ಅದು ಕಿಟಕಿಯಿಂದ ಇಣುಕಿದ ಹಾಗೆ.

ಅದನ್ನು ಜನ ಮುಗಿಬಿದ್ದು ಕೊಂಡದ್ದು ಬೇರೆ ಕಾರಣಕ್ಕೆ. ಬ್ರಿಕ್ಲಿನ್ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಓದುವಾಗ ಮೇಷ್ಟ್ರು ಕಪ್ಪುಹಲಗೆಯ ಮೇಲೆ ದೊಡ್ಡ ಕೋಷ್ಟಕ ಬರೆದು ಲೆಕ್ಕ ಮಾಡುತ್ತಿದ್ದರು. ಒಂದು ಅಂಕಿ ತಪ್ಪಿದರೆ ಅಲ್ಲಿಂದ ಮುಂದಿನದ್ದೆಲ್ಲ ಅಳಿಸಿ ಮತ್ತೆ ಬರೆಯಬೇಕು. ವಿಸಿಕ್ಯಾಲ್ಕ್ ತಪ್ಪಿಸಿದ್ದು ಆ ಗೋಳನ್ನು. ಒಂದು ಮನೆಯ ಅಂಕಿ ತಿದ್ದಿದರೆ ಅದನ್ನು ನಂಬಿಕೊಂಡ ಮನೆಗಳೆಲ್ಲ ತಾವೇ ತಿದ್ದಿಕೊಳ್ಳುತ್ತವೆ. ಇದಕ್ಕೆ ‘ಸೂತ್ರ’ ಅನ್ನುವ ಪದ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ. ಸೂತ್ರ ಅಂದರೆ ಫಾರ್ಮುಲಾನೂ ಹೌದು, ದಾರವೂ ಹೌದು. ಈ ಮನೆಯಲ್ಲಿ ಎಳೆದರೆ ಆ ಮನೆಯಲ್ಲಿ ಗೊಂಬೆ ಕುಣಿಯುತ್ತೆ.

ಹಾಗಾಗಿ ಹರಡುವುದನ್ನು ಬಿಟ್ಟು, ಅದು ಮಾಡುವ ಕೆಲಸದಿಂದಲೇ ಹೆಸರಿಡೋಣ ಅನ್ನುವುದು ನನ್ನ ವಾದ. ‘ಲೆಕ್ಕಹಾಳೆ’ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ಲೆಕ್ಕವೇ ಇಲ್ಲದೆ ಸುಮ್ನೆ ಹೆಸರಿನ ಪಟ್ಟಿ ಮಾಡೋಕೂ ಅದನ್ನೇ ಬಳಸುತ್ತಾರಲ್ಲ ಅಂತ ನೀವು ಕೇಳಬಹುದು. ಬಳಸಲಿ ಬಿಡಿ. ಕಪ್ಪುಹಲಗೆ ಹಸಿರಾದ ಮೇಲೂ ಕಪ್ಪುಹಲಗೆಯೇ.

‘ಕೋಷ್ಟಕ’ ನನಗೆ ಒಗ್ಗುವುದಿಲ್ಲ. ವರ್ಡ್ ಕಡತದಲ್ಲಿ ಹಾಕುವ ಟೇಬಲ್‌ಗೆ ಅದು ಬೇಕು. ಕಚೇರಿ ಕನ್ನಡದ ‘ತಖ್ತೆ’ಯೂ ಅಷ್ಟೆ, ಅದು ತುಂಬಿ ಕಳಿಸುವ ವಿವರಪಟ್ಟಿ, ತಾನಾಗಿ ಕೂಡಿ ಕಳೆಯುವುದಿಲ್ಲ. ಇನ್ನು ‘ಎಕ್ಸೆಲ್ ಶೀಟ್’. ಆಡುಮಾತಿನಲ್ಲಿ ಲಿಬ್ರೆಆಫೀಸ್‌ನಲ್ಲಿ ಮಾಡಿದ್ದೂ ಎಕ್ಸೆಲ್ಲೇ, ಗೂಗಲ್ ಶೀಟ್ಸ್‌ನದ್ದೂ ಎಕ್ಸೆಲ್ಲೇ. ಆದರೆ ಬ್ರಾಂಡಿನ ಹೆಸರು ನಂಬಿಕೆಯದಲ್ಲ. ಒಂದು ಕಾಲದಲ್ಲಿ ಈ ಬಗೆಯ ತಂತ್ರಾಂಶಗಳನ್ನೆಲ್ಲ ‘ವಿಸಿಕ್ಲೋನ್’ ಅಂತಿದ್ದರು. 1983ರಲ್ಲಿ ಲೋಟಸ್ 1-2-3 ಬಂದು ವಿಸಿಕ್ಯಾಲ್ಕ್ ಮೂಲೆಗೆ ಸರಿಯಿತು. 1985ರಲ್ಲಿ ಎಕ್ಸೆಲ್ ಬಂತು, ಅದೂ ಮೊದಲು ಆಪಲ್‌ನ ಮ್ಯಾಕಿಂತೋಶ್‌ಗೆ. ಆಮೇಲೆ ಲೋಟಸ್ ಕೂಡ ಮೂಲೆಗೆ.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಹರಡುವುದು, ಲೆಕ್ಕ ಎರಡೂ ಸೇರಿದ ಅಚ್ಚ ಹಳೆಯ ಪದ ನಮ್ಮಲ್ಲೇ ಇತ್ತು, ‘ಕಡತ’. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಿಚ್ಚಿದರೆ ಉದ್ದಕ್ಕೆ ಹರಡಿಕೊಳ್ಳುತ್ತಿತ್ತು. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಇಷ್ಟು ಒಳ್ಳೆಯ ಪದವನ್ನು ಫೈಲ್‌ಗೆ ಕೊಟ್ಟು ಕೂತಿದ್ದೇವೆ. ಈಗ ವಾಪಸ್ ಕೇಳೋಕಾಗಲ್ಲ.

ನಿಮ್ಮಲ್ಲಿ ಯಾರಾದರೂ ‘ಲೆಕ್ಕಹಾಳೆ’ಯನ್ನು ಅಚ್ಚಿನಲ್ಲಿ ಬಳಸಿದ್ದೀರಾ? ಬಳಸಿದ್ದರೆ ವರ್ಕ್‌ಶೀಟ್‌ಗೆ ಏನು ಮಾಡಿದಿರಿ? ಇಡೀ ವರ್ಕ್‌ಬುಕ್‌ಗೆ ‘ಲೆಕ್ಕಪುಸ್ತಕ’, ಅದರೊಳಗಿನ ಒಂದೊಂದಕ್ಕೆ ಬರೀ ‘ಹಾಳೆ’ ಅಂತ ನಾನು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಎರಡು ಮೂರು ಸೆಲ್ ಸೇರಿಸಿ ಒಂದು ಮಾಡುವುದಕ್ಕೆ ‘ಮನೆ ಕೂಡಿಸು’ ಅಂದರೆ ಲೆಕ್ಕದ ಕೂಡುವಿಕೆ ಅನ್ನಿಸುತ್ತೆ, ‘ಮನೆ ಬೆಸೆ’ ಅಂದರೆ ಪರವಾಗಿಲ್ಲ ಅನ್ನಿಸುತ್ತೆ.

ತಿದ್ದಿದ ಮೇಲೆ ನನ್ನ ವಾಕ್ಯ ಹೀಗಿದೆ: “ಜೀವಕೋಶದಲ್ಲಿರುವ ಜೀನ್‌ನ ಹೆಸರನ್ನು ಲೆಕ್ಕಹಾಳೆಯ ಮನೆಯಲ್ಲಿ ತುಂಬಿದರೆ ಅದು ತಾರೀಖಾಗಿ ಬದಲಾಗುತ್ತಿತ್ತು.” ಎಲ್ಲಿ ಎಡವುತ್ತೆ ಹೇಳಿ.